ನಾಲ್ಕು ಅಂಕದ ಉತ್ತರಕ್ಕೆ ಎರಡು ವಾಕ್ಯದ ಪೀಠಿಕೆ: ಎಸ್‌ಎಸ್‌ಎಲ್‌ಸಿ ಕನ್ನಡ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗಲೆಲ್ಲ ನನಗೆ ಎದುರಾಗುವ ತೊಡಕು ಒಂದೇ. ವಿದ್ಯಾರ್ಥಿಗೆ ಪಾಠ ಗೊತ್ತಿರುತ್ತದೆ, ಪದ್ಯ ಬಾಯಿಗೆ ಬರುತ್ತದೆ, ಕೈಬರಹವೂ ಚೆನ್ನಾಗಿರುತ್ತದೆ; ಆದರೆ ಎಂಟು-ಹತ್ತು ವಾಕ್ಯಗಳಲ್ಲಿ ಬರೆಯಬೇಕಾದ ಉತ್ತರದ ಮೊದಲ ನಾಲ್ಕೈದು ವಾಕ್ಯಗಳು ಕೇಳಿದ ಪ್ರಶ್ನೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಉಳಿದ ನಾಲ್ಕೈದು ವಾಕ್ಯಗಳಲ್ಲಿ ಉತ್ತರವನ್ನು ತುರುಕುವಷ್ಟರಲ್ಲಿ ಮುಖ್ಯ ಅಂಶಗಳು ಬಿಟ್ಟುಹೋಗಿರುತ್ತವೆ. ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಈ ತಪ್ಪು ಮರಳಿ ಬರುತ್ತಿರುವುದರಿಂದ ಪೀಠಿಕೆಯನ್ನು ಯಾವ ಕ್ರಮದಲ್ಲಿ ಯೋಚಿಸಬೇಕು, ಯಾವ ಕ್ರಮದಲ್ಲಿ ಬರೆಯಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬಿಡಿಸಿಟ್ಟಿದ್ದೇನೆ.

ಈ ಮಾರ್ಗದರ್ಶಿಯು ಪ್ರಥಮ ಭಾಷೆ ಕನ್ನಡದ ಗದ್ಯ ಮತ್ತು ಪದ್ಯ ಪಾಠಗಳ ಮೇಲೆ ಕೇಳುವ ನಾಲ್ಕು ಅಂಕದ ಪ್ರಶ್ನೆಗಳಿಗೆ ಸಂಬಂಧಿಸಿದೆ. ಪದ್ಯಭಾಗವನ್ನು ಪೂರ್ಣಗೊಳಿಸುವ ಪ್ರಶ್ನೆಗೆ ಪೀಠಿಕೆ ಬೇಕಾಗಿಲ್ಲ. ಪದ್ಯದ ಸಾರಾಂಶ ಬರೆಯುವ ಪ್ರಶ್ನೆಗೆ ಒಂದು ವಾಕ್ಯ ಸಾಕು.

ಮೊದಲು ಸಮಯದ ಲೆಕ್ಕ

ಲಿಖಿತ ಪರೀಕ್ಷೆ 100 ಅಂಕಗಳಿಗೆ ನಡೆಯುತ್ತದೆ. ಪ್ರಶ್ನೆಪತ್ರಿಕೆ ಓದಲೆಂದು ಕೊಡುವ 15 ನಿಮಿಷಗಳನ್ನು ಬಿಟ್ಟರೆ ಬರೆಯಲು ಸಿಗುವುದು 180 ನಿಮಿಷ. ಅಂದರೆ ಒಂದು ಅಂಕಕ್ಕೆ 1.8 ನಿಮಿಷ, ನಾಲ್ಕು ಅಂಕದ ಉತ್ತರಕ್ಕೆ ಸುಮಾರು 7 ನಿಮಿಷ. ಇದರಲ್ಲಿ ಒಂದು ನಿಮಿಷವನ್ನು ಯೋಚನೆಗೆ, ಒಂದೂವರೆ ನಿಮಿಷವನ್ನು ಪೀಠಿಕೆಗೆ, ನಾಲ್ಕು ನಿಮಿಷವನ್ನು ಉತ್ತರದ ಒಡಲಿಗೆ, ಉಳಿದ ಅರ್ಧ ನಿಮಿಷವನ್ನು ಮರುಓದಿಗೆ ಇಟ್ಟುಕೊಳ್ಳಬೇಕು. ಒಂದೂವರೆ ನಿಮಿಷದಲ್ಲಿ ಅಚ್ಚುಕಟ್ಟಾಗಿ ಬರೆಯಬಹುದಾದದ್ದು ಎರಡು ವಾಕ್ಯ. ಹತ್ತು ವಾಕ್ಯಗಳ ಉತ್ತರದಲ್ಲಿ ಪೀಠಿಕೆಯೇ ಐದು ವಾಕ್ಯವಾದರೆ ನಾಲ್ಕು ಅಂಕಗಳಲ್ಲಿ ಎರಡರ ಜಾಗವನ್ನು ನೀವೇ ಬಿಟ್ಟುಕೊಟ್ಟಂತೆ.

ಕೈಯಲ್ಲಿ ಇರಬೇಕಾದವು

ಮನೆಯ ಅಭ್ಯಾಸಕ್ಕೆ ಪಠ್ಯಪುಸ್ತಕ, ಒಂದು ನೋಟ್‌ಬುಕ್, ಪೆನ್ಸಿಲ್, ಮುಳ್ಳು ಕಾಣುವ ಗಡಿಯಾರ, ಹಾಗೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಪ್ರಕಟಿಸುವ ಮಾದರಿ ಪ್ರಶ್ನೆಪತ್ರಿಕೆಗಳು ಬೇಕು. ಗೈಡ್‌ಗಳನ್ನು ಈ ಕೆಲಸಕ್ಕೆ ಬಳಸದಿರುವುದು ಒಳ್ಳೆಯದು. ಅವುಗಳಲ್ಲಿನ ಸಿದ್ಧ ಪೀಠಿಕೆಯನ್ನು ಬಾಯಿಪಾಠ ಮಾಡಿದವರು ಪ್ರಶ್ನೆ ಸ್ವಲ್ಪ ತಿರುಗಿದ ಕೂಡಲೇ ದಾರಿ ತಪ್ಪುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪರೀಕ್ಷಾ ಕೊಠಡಿಯಲ್ಲಿ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಮಾಡಿಕೊಂಡು, ಆಮೇಲೆ ಅದರ ಮೇಲೆ ಗೆರೆ ಎಳೆದರಾಯಿತು.

ಹಂತ 1: ಪ್ರಶ್ನೆಯ ಕೊನೆಯ ಪದದಿಂದ ಓದಲು ಶುರುಮಾಡಿ

ವಿದ್ಯಾರ್ಥಿಗಳು ಪ್ರಶ್ನೆಯಲ್ಲಿ ಮೊದಲು ಗುರುತಿಸುವುದು ಪಾತ್ರದ ಹೆಸರನ್ನು. "ಕರ್ಣ" ಎಂದು ಕಂಡ ಕೂಡಲೇ ಕರ್ಣನ ಬಗ್ಗೆ ಗೊತ್ತಿರುವುದೆಲ್ಲ ಹೊರಬರತೊಡಗುತ್ತದೆ. ಆದ್ದರಿಂದ ಪ್ರಶ್ನೆಯ ಕ್ರಿಯಾಪದವನ್ನೂ ಪ್ರಶ್ನಾರ್ಥಕ ಪದವನ್ನೂ ಮೊದಲು ಹಿಡಿಯಬೇಕು. "ಏಕೆ" ಎಂದಿದ್ದರೆ ಕಾರಣ ಬೇಕು; "ಹೇಗೆ" ಎಂದಿದ್ದರೆ ನಡೆದ ಬಗೆ ಬೇಕು; "ಸಮರ್ಥಿಸಿ" ಎಂದಿದ್ದರೆ ಹೇಳಿಕೆಯನ್ನು ಒಪ್ಪಿಕೊಂಡು ಆಧಾರ ಕೊಡಬೇಕು; "ನಿಮ್ಮ ಅಭಿಪ್ರಾಯವೇನು" ಎಂದಿದ್ದರೆ ಒಂದು ಪಕ್ಷವನ್ನು ಹಿಡಿಯಲೇಬೇಕು. "ವಿವರಿಸಿ" ಎಂಬುದೊಂದು ಮೋಸದ ಪದ. ಅದರ ಹಿಂದೆ ಸಾಮಾನ್ಯವಾಗಿ ಏಕೆ ಅಥವಾ ಹೇಗೆ ಎಂಬುದು ಅಡಗಿರುತ್ತದೆ, ಅದನ್ನು ಹುಡುಕಿ ತೆಗೆಯದೆ ಪೆನ್ನು ಎತ್ತಬಾರದು.

ಇಲ್ಲಿ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಕೊನೆಯವರೆಗೂ ನಡೆಯೋಣ. ಕುಮಾರವ್ಯಾಸನ "ಕೌರವೇಂದ್ರನ ಕೊಂದೆ ನೀನು" ಪದ್ಯಭಾಗದ ಮೇಲೆ ಹೀಗೆ ಕೇಳಿದ್ದಾರೆಂದು ಭಾವಿಸಿ: "ಕೃಷ್ಣನು ಒಡ್ಡಿದ ಆಮಿಷಕ್ಕೆ ಕರ್ಣನು ಏಕೆ ಒಳಗಾಗಲಿಲ್ಲ? ವಿವರಿಸಿ." ಇಲ್ಲಿ ಹಿಡಿಯಬೇಕಾದ ಪದ "ಏಕೆ". ಆಮಿಷಗಳ ಪಟ್ಟಿಯನ್ನು ಅವರು ಕೇಳಿಲ್ಲ. ಕರ್ಣನ ಗುಣಗಾನವನ್ನೂ ಕೇಳಿಲ್ಲ.

ಹಂತ 2: ಉತ್ತರವನ್ನು ಒಂದೇ ಸಾಲಿನಲ್ಲಿ ಮೊದಲೇ ತೀರ್ಮಾನಿಸಿ

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹಂತ ಇದು, ಮತ್ತು ಹೆಚ್ಚಿನವರು ಹಾರಿಬಿಡುವ ಹಂತವೂ ಇದೇ. ಬರೆಯುತ್ತಾ ಹೋದಂತೆ ಉತ್ತರ ತಾನಾಗಿ ಹೊಳೆಯುತ್ತದೆಂಬ ನಂಬಿಕೆಯಿಂದ ಮಕ್ಕಳು ಕವಿಯ ಹೆಸರಿನಿಂದ ಆರಂಭಿಸುತ್ತಾರೆ. ಉತ್ತರ ಹೊಳೆಯುವವರೆಗೆ ಕೈ ಏನನ್ನಾದರೂ ಬರೆಯುತ್ತಿರಬೇಕಲ್ಲ, ಆ ಬರಹವೇ ಅವರ ಪೀಠಿಕೆಯಾಗಿಬಿಡುತ್ತದೆ. ಆದ್ದರಿಂದ ಪೀಠಿಕೆ ಕೆಟ್ಟಿದೆಯೆಂದರೆ ಭಾಷೆ ಕೆಟ್ಟಿದೆಯೆಂದು ತಿಳಿಯಬೇಡಿ. ಬರೆಯಲು ತೊಡಗಿದಾಗ ಉತ್ತರ ಇನ್ನೂ ತೀರ್ಮಾನವಾಗಿರಲಿಲ್ಲವೆಂದು ತಿಳಿಯಿರಿ.

ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಐದಾರು ಪದಗಳನ್ನು ಗುರುತು ಹಾಕಿಕೊಳ್ಳಿ. ಮೇಲಿನ ಪ್ರಶ್ನೆಗೆ ನನ್ನ ಟಿಪ್ಪಣಿ ಹೀಗಿರುತ್ತದೆ: "ಕೌರವನ ಋಣ, ಹುಟ್ಟಿನ ಹಕ್ಕಿಗಿಂತ ದೊಡ್ಡದು." ಇದು ನೆನಪಿನಿಂದ ತಂದ ಮಾತಲ್ಲ, ಪದ್ಯದಿಂದಲೇ ಬಂದದ್ದು. ತನ್ನ ಹುಟ್ಟಿನ ಗುಟ್ಟು ತಿಳಿದ ಕರ್ಣನ "ಕೊರಳ ಸೆರೆ ಹಿಗ್ಗಿದವು" ಎಂದು ಕವಿ ಹೇಳುತ್ತಾನೆ. ಆ ಕ್ಷಣದಲ್ಲಿ ಕರ್ಣನ ಮನಸ್ಸಿಗೆ ಬರುವುದು ರಾಜ್ಯವೂ ಅಲ್ಲ, ತಮ್ಮಂದಿರೂ ಅಲ್ಲ. "ಕುರುಪತಿಗೆ ಕೇಡಾದುದು" ಎಂಬ ನೋವು. ತನ್ನನ್ನು "ಹೊರೆದ ದಾತಾರ", ಅಂದರೆ ಸಾಕಿ ಸಲಹಿದ ಒಡೆಯ, ಎಂದು ಅವನು ಕೌರವನನ್ನು ನೆನೆಯುತ್ತಾನೆ. ಈ ಮೂರು ತುಣುಕುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ "ಏಕೆ" ಎಂಬುದಕ್ಕೆ ಉತ್ತರ ಎದ್ದು ನಿಲ್ಲುತ್ತದೆ.

ನಿಮ್ಮ ಒಂದು ಸಾಲಿನ ತೀರ್ಮಾನ ಸರಿಯಿದೆಯೇ ಎಂದು ನೋಡಲು ಸುಲಭವಾದ ದಾರಿಯಿದೆ. ಆ ಸಾಲಿನ ಮುಂದೆ "ಎಂಬುದಕ್ಕೆ ಪದ್ಯದಲ್ಲಿ ಎಲ್ಲಿ ಆಧಾರ?" ಎಂದು ಸೇರಿಸಿ ಕೇಳಿಕೊಳ್ಳಿ. ಎರಡು ಆಧಾರಗಳು ಕೂಡಲೇ ನೆನಪಾದರೆ ಆ ತೀರ್ಮಾನದ ಮೇಲೆ ಉತ್ತರ ಕಟ್ಟಬಹುದು. ಒಂದೂ ನೆನಪಾಗದಿದ್ದರೆ ತೀರ್ಮಾನವನ್ನು ಬದಲಿಸಿ. ಆಯ್ಕೆಯಿರುವ ಪ್ರಶ್ನೆಯಾದರೆ ಇನ್ನೊಂದು ಪ್ರಶ್ನೆಯತ್ತ ಹೊರಳುವ ಯೋಚನೆಯನ್ನೂ ಈ ಹಂತದಲ್ಲೇ ಮಾಡಿ, ಬರೆಯತೊಡಗಿದ ಮೇಲೆ ಬೇಡ.

ಹಂತ 3: ಪಠ್ಯದೊಳಗಿನ ನೆಲೆಯನ್ನು ಗುರುತಿಸಿ

ಕೇಳಿದ ವಿಷಯ ಪಾಠದ ಯಾವ ಗಳಿಗೆಯಲ್ಲಿ ನಡೆಯುತ್ತದೆ ಎಂಬುದೇ ನೆಲೆ. ಯಾರು, ಯಾರೊಂದಿಗೆ, ಏನಾದ ಮೇಲೆ ಎಂಬ ಮೂರು ವಿವರಗಳು ಸಾಕು. ಕರ್ಣನ ಪ್ರಶ್ನೆಯಲ್ಲಿ ನೆಲೆ ಇಷ್ಟೇ: ಸಂಧಿಯ ಪ್ರಯತ್ನ ಮುರಿದಿದೆ, ಹಿಂದಿರುಗುವ ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡಿದ್ದಾನೆ, ಅವನು ಕುಂತಿಯ ಮಗನೆಂಬುದನ್ನು ತಿಳಿಸಿದ್ದಾನೆ.

ನೆಲೆಯನ್ನು ಹೇಳುವಾಗ ಪಾಠದ ಆರಂಭಕ್ಕೆ ಹೋಗಬೇಡಿ. ಕುಂತಿಗೆ ದೂರ್ವಾಸರು ವರ ಕೊಟ್ಟಲ್ಲಿಂದ ತೊಡಗುವವರು ಆರನೆಯ ವಾಕ್ಯಕ್ಕೆ ಬಂದರೂ ರಥವನ್ನು ಏರಿರುವುದಿಲ್ಲ. ಪ್ರಶ್ನೆಯಲ್ಲಿರುವ ಘಟನೆಗಿಂತ ಒಂದು ಹೆಜ್ಜೆ ಹಿಂದೆ ನಿಂತರೆ ಸಾಕು, ಎರಡು ಹೆಜ್ಜೆ ಬೇಡ.

ಹಂತ 4: ಎರಡು ವಾಕ್ಯಗಳನ್ನು ಹೆಣೆಯಿರಿ

ಈಗ ಪೆನ್ನು ಹಿಡಿಯಬಹುದು. ಮೊದಲ ವಾಕ್ಯದಲ್ಲಿ ಹಂತ 3ರ ನೆಲೆ, ಎರಡನೆಯ ವಾಕ್ಯದಲ್ಲಿ ಹಂತ 2ರ ತೀರ್ಮಾನ. ಯೋಚಿಸುವಾಗ ತೀರ್ಮಾನ ಮೊದಲು, ಬರೆಯುವಾಗ ನೆಲೆ ಮೊದಲು. ಈ ತಿರುವನ್ನು ಮರೆಯಬೇಡಿ.

ಉತ್ತರಪತ್ರಿಕೆಗಳಲ್ಲಿ ನಾನು ಹೆಚ್ಚಾಗಿ ಕಾಣುವ ಬಗೆಯ ಪೀಠಿಕೆ ಹೀಗಿರುತ್ತದೆ:

"ಕುಮಾರವ್ಯಾಸನು ಕನ್ನಡ ಸಾಹಿತ್ಯದ ಮಹಾಕವಿಯಾಗಿದ್ದಾನೆ. ಇವನ ನಿಜವಾದ ಹೆಸರು ಗದುಗಿನ ನಾರಣಪ್ಪ. ಇವನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂಬ ಬಿರುದಿದೆ. ಕರ್ಣನು ಮಹಾಭಾರತದ ಒಂದು ಪ್ರಮುಖ ಪಾತ್ರವಾಗಿದ್ದಾನೆ."

ಇದರಲ್ಲಿ ಒಂದು ಮಾತೂ ತಪ್ಪಿಲ್ಲ, ಆದರೆ ಒಂದು ಮಾತೂ ಈ ಪ್ರಶ್ನೆಗೆ ಸೇರಿದ್ದಲ್ಲ. ಕವಿ ಪರಿಚಯಕ್ಕೆ ಅದೇ ಪತ್ರಿಕೆಯಲ್ಲಿ ಪ್ರತ್ಯೇಕ ಪ್ರಶ್ನೆಯಿರುತ್ತದೆ. ಅಲ್ಲಿ ಅಂಕ ತರುವ ವಿವರವು ಇಲ್ಲಿ ಜಾಗ ತಿನ್ನುತ್ತದೆ.

ಇದನ್ನು ತಿದ್ದಿಕೊಂಡವರು ಸಾಮಾನ್ಯವಾಗಿ ಎರಡನೆಯ ತಪ್ಪಿಗೆ ಬೀಳುತ್ತಾರೆ:

"ಕೃಷ್ಣನು ಕರ್ಣನಿಗೆ ಆಮಿಷವನ್ನು ಒಡ್ಡಿದನು. ಆದರೆ ಕರ್ಣನು ಆ ಆಮಿಷಕ್ಕೆ ಒಳಗಾಗಲಿಲ್ಲ. ಇದಕ್ಕೆ ಹಲವಾರು ಕಾರಣಗಳಿವೆ."

ಇಲ್ಲಿ ಪ್ರಶ್ನೆಯೇ ಉತ್ತರದ ವೇಷ ಹಾಕಿಕೊಂಡು ಬಂದಿದೆ. "ಹಲವಾರು ಕಾರಣಗಳಿವೆ" ಎನ್ನುವವರಿಗೆ ಒಂದು ಕಾರಣವಾದರೂ ಗೊತ್ತೇ ಎಂಬುದು ಓದುವವರಿಗೆ ತಿಳಿಯುವುದಿಲ್ಲ.

ಮೇಲಿನ ಹಂತಗಳನ್ನು ಅನುಸರಿಸಿದರೆ ಸಿಗುವ ಪೀಠಿಕೆ ಹೀಗಿರಬಹುದು:

"ಸಂಧಿಯ ಪ್ರಯತ್ನ ಮುರಿದು ಹಿಂದಿರುಗುವಾಗ ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು, ಅವನು ಕುಂತಿಯ ಮಗನೆಂಬ ಗುಟ್ಟನ್ನು ತಿಳಿಸಿ ರಾಜ್ಯದ ಆಸೆ ತೋರಿಸುತ್ತಾನೆ. ಆದರೆ ತನ್ನನ್ನು 'ಹೊರೆದ ದಾತಾರ'ನಾದ ಕೌರವನ ಋಣವು ಹುಟ್ಟಿನಿಂದ ಬಂದ ಹಕ್ಕಿಗಿಂತ ದೊಡ್ಡದೆಂದು ಬಗೆಯುವ ಕರ್ಣನಿಗೆ ಆ ಆಸೆಗಿಂತ ಒಡೆಯನಿಗೆ ಕೇಡಾಯಿತೆಂಬ ನೋವೇ ಹೆಚ್ಚಾಗುತ್ತದೆ."

ಎರಡನೆಯ ವಾಕ್ಯವನ್ನು ಹತ್ತಿರದಿಂದ ನೋಡಿ. "ಋಣ" ಎಂಬುದು ಕಾರಣ, "ನೋವು" ಎಂಬುದು ಪರಿಣಾಮ, "ಹೊರೆದ ದಾತಾರ" ಎಂಬುದು ಪದ್ಯದ ಆಧಾರ. ಉತ್ತರದ ಒಡಲಿಗೆ ಬೇಕಾದ ಮೂರು ಎಳೆಗಳೂ ಇಲ್ಲಿ ಬಂದುಬಿಟ್ಟಿವೆ. ಪದ್ಯದಿಂದ ಎತ್ತಿದ್ದು ಎರಡೇ ಪದ. ಪೀಠಿಕೆಯಲ್ಲಿ ಇಡೀ ಸಾಲುಗಳನ್ನು ಉದ್ಧರಿಸಬಾರದು, ಅವು ಒಡಲಿಗಿರಲಿ. ನಡುಗನ್ನಡ, ಹಳಗನ್ನಡದ ಪದಗಳ ಕಾಗುಣಿತದಲ್ಲಿ ಸಂದೇಹವಿದ್ದರೆ ಉದ್ಧರಣೆಯ ಬದಲು ಹೊಸಗನ್ನಡದ ಮಾತನ್ನೇ ಬರೆಯಿರಿ.

ಪ್ರಶ್ನೆ ತಿರುಗಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. "ಕೃಷ್ಣನು ಕರ್ಣನಿಗೆ ಒಡ್ಡಿದ ಆಮಿಷಗಳಾವುವು?" ಎಂದು ಕೇಳಿದರೆ ಮೊದಲ ವಾಕ್ಯ ಹೆಚ್ಚುಕಡಿಮೆ ಅದೇ ಉಳಿಯುತ್ತದೆ. ಎರಡನೆಯದು ಪೂರ್ತಿ ಬದಲಾಗುತ್ತದೆ: "ಎಡದಲ್ಲಿ ಕೌರವರು, ಬಲದಲ್ಲಿ ಪಾಂಡವರು ಓಲೈಸುತ್ತಿರಲು ನಡುವೆ ಒಡೆಯನಾಗಿ ಮೆರೆಯುವ ಚಿತ್ರವನ್ನು ಕರ್ಣನ ಕಣ್ಣೆದುರು ಬಿಡಿಸಿ, ಅವನಿಗೆ ಇದುವರೆಗೆ ದೊರೆಯದ ಕುಲದ ಗೌರವವನ್ನೂ ಅಧಿಕಾರವನ್ನೂ ಒಟ್ಟಿಗೆ ನೀಡುವ ಮಾತಾಡುತ್ತಾನೆ." ಸಿದ್ಧ ಪೀಠಿಕೆಯನ್ನು ಉರುಹೊಡೆಯುವುದು ಏಕೆ ಅಪಾಯವೆಂಬುದು ಈ ಎರಡನೆಯ ವಾಕ್ಯದಲ್ಲಿ ಕಾಣುತ್ತದೆ.

ಅಭಿಪ್ರಾಯ ಕೇಳುವ ಪ್ರಶ್ನೆಗೂ ಇದೇ ಕ್ರಮ ಸಲ್ಲುತ್ತದೆ. "ಕರ್ಣನ ನಿರ್ಧಾರ ಸರಿಯೇ?" ಎಂದು ಕೇಳಿದಾಗ "ಒಂದು ರೀತಿಯಲ್ಲಿ ಸರಿ, ಇನ್ನೊಂದು ರೀತಿಯಲ್ಲಿ ತಪ್ಪು" ಎಂದು ಪೀಠಿಕೆಯಲ್ಲೇ ಜಾರಿಕೊಳ್ಳಬೇಡಿ. ಒಂದು ಪಕ್ಷವನ್ನು ಹಿಡಿದು ಬರೆಯಿರಿ. ಎದುರು ಪಕ್ಷದ ಮಾತು ಬೇಕಿದ್ದರೆ ಒಡಲಿನಲ್ಲಿ ಒಂದು ವಾಕ್ಯವಾಗಿ ಬರಲಿ.

ಗದ್ಯಪಾಠದಲ್ಲಿ ಇದೇ ಕ್ರಮ

ದುರ್ಗಸಿಂಹನ "ವೃಕ್ಷಸಾಕ್ಷಿ" ಕಥನದ ಪಾಠವಾದ್ದರಿಂದ ಅಲ್ಲಿ ಕಥೆ ಹೇಳುತ್ತಾ ಕೂರುವ ಸೆಳೆತ ಇನ್ನೂ ಹೆಚ್ಚು. "ದುಷ್ಟಬುದ್ಧಿಯ ದುರಾಲೋಚನೆ ಅವನಿಗೇ ಹೇಗೆ ಮುಳುವಾಯಿತು?" ಎಂಬ ಪ್ರಶ್ನೆಗೆ ಹಿಡಿಯಬೇಕಾದ ಪದ "ಹೇಗೆ". ಪೆನ್ಸಿಲ್ ಟಿಪ್ಪಣಿ: "ಸಾಕ್ಷಿಯೆಂದ ಮರವೇ ಗುಟ್ಟು ಬಯಲು ಮಾಡಿತು." ಪೀಠಿಕೆ ಹೀಗಾಗುತ್ತದೆ:

"ಗೆಳೆಯನೊಡನೆ ಗಳಿಸಿದ ಹೊನ್ನನ್ನು ತಾನೇ ಕದ್ದ ದುಷ್ಟಬುದ್ಧಿಯು ಕಳವಿನ ಅಪವಾದವನ್ನು ಧರ್ಮಬುದ್ಧಿಯ ಮೇಲೆ ಹೊರಿಸುತ್ತಾನೆ. ಆ ಸುಳ್ಳನ್ನು ಉಳಿಸಿಕೊಳ್ಳಲು ವಟವೃಕ್ಷವನ್ನೇ ಸಾಕ್ಷಿಯೆಂದು ಹೇಳಿ, ಅದರ ಪೊಟರೆಯಲ್ಲಿ ತಂದೆಯನ್ನು ಅಡಗಿಸಿದ ಉಪಾಯವೇ ಕೊನೆಗೆ ಅವನ ಗುಟ್ಟನ್ನು ಹೊರಗೆಡಹುತ್ತದೆ."

ಕಥೆಯ ಉಳಿದ ಭಾಗ, ಅಂದರೆ ಧರ್ಮಬುದ್ಧಿಗೆ ಅನುಮಾನ ಬಂದದ್ದು, ಹೊಗೆ ಹಾಕಿದ್ದು, ಪೊಟರೆಯಿಂದ ದುಷ್ಟಬುದ್ಧಿಯ ತಂದೆ ಪ್ರೇಮಮತಿ ಹೊರಬಿದ್ದದ್ದು, ಇವೆಲ್ಲ ಒಡಲಿಗೆ ಸೇರಿದವು. ಪೀಠಿಕೆಯಲ್ಲಿ ಅವನ್ನು ಬಿಚ್ಚಿಬಿಟ್ಟರೆ ಒಡಲಿನಲ್ಲಿ ಮತ್ತೆ ಅದನ್ನೇ ಬರೆಯಬೇಕಾಗುತ್ತದೆ.

ಹಂತ 5: ಪೀಠಿಕೆಯನ್ನು ಒಡಲಿಗೆ ಜೋಡಿಸಿ

ಪೀಠಿಕೆಯ ಎರಡನೆಯ ವಾಕ್ಯದಲ್ಲಿ ಬಂದ ಒಂದು ಮುಖ್ಯ ಪದ ಮೂರನೆಯ ವಾಕ್ಯದಲ್ಲೂ ಬರಬೇಕು. ಕರ್ಣನ ಉತ್ತರದಲ್ಲಿ ಆ ಪದ "ಋಣ". ಮೂರನೆಯ ವಾಕ್ಯವನ್ನು "ಈ ಋಣದ ಭಾವ ಕರ್ಣನ ಮೊದಲ ಪ್ರತಿಕ್ರಿಯೆಯಲ್ಲೇ ಕಾಣುತ್ತದೆ" ಎಂದು ಆರಂಭಿಸಿದರೆ ಮುಂದಿನ ಆಧಾರಗಳು ಸಾಲಾಗಿ ಬರುತ್ತವೆ. ಕೊನೆಯಲ್ಲಿ, ಕೌರವನ ಋಣ ತೀರಿಸಲು ಯುದ್ಧದಲ್ಲಿ ದೇಹವನ್ನೇ ಕೊಡುವೆನೆಂದೂ, ಆದರೆ ಪಾಂಡವರೈವರನ್ನು ನೋಯಿಸೆನೆಂದೂ ಕರ್ಣ ಹೇಳುವ ಮಾತಿಗೆ ಬಂದು ನಿಲ್ಲಬಹುದು. "ಮೊದಲನೆಯದಾಗಿ, ಎರಡನೆಯದಾಗಿ" ಎಂಬ ಊರುಗೋಲು ಆಗ ಬೇಕಾಗುವುದಿಲ್ಲ.

ಹಂತ 6: ಅರ್ಧ ನಿಮಿಷದ ಮರುಓದು

ಮೂರು ಸಂಗತಿಗಳನ್ನಷ್ಟೇ ನೋಡಿ. ಕಾಲ ಒಂದೇ ಆಗಿದೆಯೇ? "ತೋರಿಸುತ್ತಾನೆ" ಎಂದು ಆರಂಭಿಸಿ "ಹೇಳಿದನು" ಎಂದು ಮುಂದುವರಿಸಬಾರದು. ಗೌರವ ವಾಚಕ ಒಂದೇ ಆಗಿದೆಯೇ? ಕುಮಾರವ್ಯಾಸನಂಥ ಪ್ರಾಚೀನ ಕವಿಗಳಿಗೆ ಏಕವಚನವೂ, ಆಧುನಿಕ ಲೇಖಕರಿಗೆ "ಅವರು" ಎಂಬುದೂ ರೂಢಿ. ಒಂದೇ ಉತ್ತರದಲ್ಲಿ ಒಬ್ಬ ಕವಿಯನ್ನು ಒಮ್ಮೆ ಅವನು, ಒಮ್ಮೆ ಅವರು ಎನ್ನುವುದು ತಪ್ಪು. ಉದ್ದ ವಾಕ್ಯದ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಿದೆಯೇ? ನೆಲೆಯನ್ನು ಹೇಳುವ ವಾಕ್ಯ ಉದ್ದವಾಗುವುದರಿಂದ ಈ ತಪ್ಪು ಅಲ್ಲೇ ನುಸುಳುತ್ತದೆ. ನಿಮಗೆ ಉದ್ದ ವಾಕ್ಯ ಒಗ್ಗದಿದ್ದರೆ ಅದನ್ನು ಎರಡಾಗಿ ಮುರಿಯಿರಿ, ಮೂರು ವಾಕ್ಯದ ಪೀಠಿಕೆಯಾದರೂ ತೊಂದರೆಯಿಲ್ಲ.

ಪದೇ ಪದೇ ಕಾಣುವ ತಪ್ಪುಗಳು

ತಪ್ಪು ಪೀಠಿಕೆಗಳಲ್ಲಿ ಬಹುಪಾಲು ಬೇರೆ ಪ್ರಶ್ನೆಗಳಿಂದ ಕಡ ತಂದವು. ಕವಿ ಪರಿಚಯದಿಂದ ಕಡ ತಂದದ್ದನ್ನು ಮೇಲೆ ನೋಡಿದೆವು. ಸಂದರ್ಭದೊಡನೆ ಸ್ವಾರಸ್ಯ ಬರೆಯುವ ಪ್ರಶ್ನೆಯಿಂದ ಕಡ ತಂದದ್ದು ಇನ್ನೊಂದು: "ಈ ಮೇಲಿನ ಪ್ರಶ್ನೆಯನ್ನು ದುರ್ಗಸಿಂಹ ಕವಿಯು ರಚಿಸಿರುವ ಪಾಠದಿಂದ ಆರಿಸಿಕೊಳ್ಳಲಾಗಿದೆ" ಎಂದು ನಾಲ್ಕು ಅಂಕದ ಉತ್ತರಕ್ಕೂ ಬರೆದುಬಿಡುತ್ತಾರೆ. ಅಲ್ಲಿ ಆಯ್ಕೆಯನ್ನು ಹೇಳುವುದಕ್ಕೆ ಅಂಕವಿದೆ, ಇಲ್ಲಿಲ್ಲ. ಮೂರನೆಯದು ಪ್ರಬಂಧದಿಂದ ಬಂದದ್ದು. ಪರಿಸರ ಮಾಲಿನ್ಯದ ಮೇಲೋ ಗ್ರಂಥಾಲಯದ ಮೇಲೋ ಬರೆಯುವ ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಉಪಶೀರ್ಷಿಕೆ ಹಾಕಲು ಕಲಿಸಿರುತ್ತೇವೆ. ಸಾಹಿತ್ಯದ ಉತ್ತರದಲ್ಲಿ ಆ ಶೀರ್ಷಿಕೆಗಳು ಬೇಡ, "ಮಾನವನು ಸಂಘಜೀವಿ" ಎಂಬಂಥ ಲೋಕಸತ್ಯಗಳಿಂದ ಆರಂಭಿಸುವುದೂ ಬೇಡ. ಈ ಗೊಂದಲಕ್ಕೆ ಕಲಿಸುವ ನಾವೂ ಕಾರಣರು. ಒಂದೊಂದು ಬಗೆಯ ಪ್ರಶ್ನೆಗೆ ಒಂದೊಂದು ಆರಂಭ ಏಕೆ ಬೇಕೆಂಬುದನ್ನು ನಾವು ಬಿಡಿಸಿ ಹೇಳುವುದು ಕಡಿಮೆ.

ಎಚ್ಚರಿಕೆಯ ಸೂಚನೆಗಳು

ಬರೆಯುತ್ತಿರುವಾಗಲೇ ಪೀಠಿಕೆ ದಾರಿ ತಪ್ಪುತ್ತಿದೆಯೆಂದು ತಿಳಿಸುವ ಗುರುತುಗಳಿವೆ. ಮೂರನೆಯ ವಾಕ್ಯ ಮುಗಿದರೂ ಪ್ರಶ್ನೆಯಲ್ಲಿ ಹಿಡಿದ "ಏಕೆ" ಅಥವಾ "ಹೇಗೆ" ಎಂಬುದಕ್ಕೆ ಒಂದು ಪದದ ಉತ್ತರವೂ ಬಂದಿಲ್ಲವೆಂದರೆ ಅಲ್ಲಿಗೇ ನಿಲ್ಲಿಸಿ, ಮುಂದಿನ ವಾಕ್ಯದಲ್ಲಿ ನೇರವಾಗಿ ತೀರ್ಮಾನವನ್ನು ಬರೆಯಿರಿ. "ಅನೇಕ", "ಹಲವಾರು", "ಮಹತ್ವದ", "ಅದ್ಭುತ" ಎಂಬ ಪದಗಳು ಒಂದರ ಹಿಂದೊಂದು ಬರುತ್ತಿದ್ದರೆ ಹೇಳಲು ವಿಷಯ ಸಿಕ್ಕಿಲ್ಲವೆಂದು ಅರ್ಥ. ನೀವು ಬರೆದ ಪೀಠಿಕೆಯನ್ನು ಹೆಸರು ಬದಲಿಸಿ ಬೇರೊಂದು ಪದ್ಯದ ಉತ್ತರಕ್ಕೂ ಅಂಟಿಸಬಹುದಾದರೆ ಅದು ಯಾವ ಪದ್ಯಕ್ಕೂ ಸೇರಿದ್ದಲ್ಲ.

ಮನೆಯಲ್ಲಿ ಅಭ್ಯಾಸ ಮಾಡುವ ಬಗೆ

ದಿನಕ್ಕೆ ಎರಡು ಪ್ರಶ್ನೆಗಳನ್ನು ಆರಿಸಿ, ಪೂರ್ಣ ಉತ್ತರ ಬರೆಯದೆ ಪೀಠಿಕೆಗಳನ್ನಷ್ಟೇ ಬರೆಯಿರಿ. ಒಂದಕ್ಕೆ ಯೋಚನೆ ಸೇರಿ ಎರಡೂವರೆ ನಿಮಿಷ. ಆಮೇಲೆ ಪ್ರಶ್ನೆಯನ್ನು ಮುಚ್ಚಿ, ಆ ಎರಡು ವಾಕ್ಯಗಳನ್ನು ಗೆಳತಿಗೋ ಅಕ್ಕನಿಗೋ ಓದಲು ಕೊಟ್ಟು, "ಪ್ರಶ್ನೆ ಏನಿರಬಹುದು?" ಎಂದು ಕೇಳಿ. ಅವರು ಹೇಳಿದ್ದು ನಿಜವಾದ ಪ್ರಶ್ನೆಗೆ ಹತ್ತಿರವಿದ್ದರೆ ಪೀಠಿಕೆ ಗೆದ್ದಿದೆ. "ಕರ್ಣನ ಬಗ್ಗೆ ಏನೋ ಕೇಳಿದ್ದಾರೆ" ಎಂದಷ್ಟೇ ಹೇಳಿದರೆ ಎರಡನೆಯ ವಾಕ್ಯವನ್ನು ಮತ್ತೆ ಬರೆಯಿರಿ. ಪಾಠ ಓದಿಲ್ಲದವರಿಂದ ಮಾಡಿಸಿದರೆ ಈ ಪರೀಕ್ಷೆ ಇನ್ನೂ ಚೆನ್ನಾಗಿ ನಡೆಯುತ್ತದೆ. ವಾರಕ್ಕೊಮ್ಮೆ ಒಂದೇ ಪಾಠದ ಮೇಲೆ ಮೂರು ಬೇರೆ ಪ್ರಶ್ನೆಗಳನ್ನು ನೀವೇ ರಚಿಸಿ, ಮೂರಕ್ಕೂ ಪೀಠಿಕೆ ಬರೆಯಿರಿ.

ಪರೀಕ್ಷಾ ಕೊಠಡಿಯಲ್ಲಿ ಏನೂ ಹೊಳೆಯದಿದ್ದರೆ

ಪೀಠಿಕೆಗಾಗಿ ಕಾಯುತ್ತಾ ಎರಡು ನಿಮಿಷ ಕಳೆದುಹೋಗಿದ್ದರೆ ಐದು ಸಾಲು ಖಾಲಿ ಬಿಟ್ಟು, ನಿಮಗೆ ಖಚಿತವಾಗಿ ಗೊತ್ತಿರುವ ಆಧಾರಗಳಿಂದ ಒಡಲನ್ನು ಬರೆಯತೊಡಗಿ. ಆಧಾರಗಳನ್ನು ಬರೆಯುತ್ತಿರುವಾಗ ತೀರ್ಮಾನ ಸ್ಪಷ್ಟವಾಗುವುದುಂಟು. ಉತ್ತರ ಮುಗಿದ ಕೂಡಲೇ, ಮುಂದಿನ ಪ್ರಶ್ನೆಗೆ ಹೋಗುವ ಮೊದಲೇ, ಬಿಟ್ಟ ಜಾಗಕ್ಕೆ ಮರಳಿ ಬನ್ನಿ. ಕೊನೆಯಲ್ಲಿ ನೋಡೋಣವೆಂದು ಬಿಟ್ಟ ಸಾಲುಗಳು ಖಾಲಿಯಾಗಿಯೇ ಉಳಿಯುತ್ತವೆ. ಸಮಯ ತೀರ ಕಡಿಮೆಯಿದ್ದರೆ ನೆಲೆಯನ್ನು ಹೇಳುವ ವಾಕ್ಯವನ್ನು ಬಿಟ್ಟು, ತೀರ್ಮಾನದ ವಾಕ್ಯವೊಂದನ್ನೇ ಬರೆದು ಮುಂದಕ್ಕೆ ನಡೆಯಿರಿ.